ಅಕ್ಷರದ ಕೂಲಿ

ತಾಲೂಕು ಕಚೇರಿಯ ಹುಡುಗ ಜೀಪಿನಿಂದಿಳಿದು
ಹಿತ್ತಾಳೆ ತಗಡೊಂದನ್ನು ನನ್ನ ಮುಂದಿಟ್ಟ, ಮೇಲೊಂದು ಚೀಟಿ:
ಮರಣೋತ್ತರ ಕ್ಷಮಾದಾನ.
ಗುರುವಾರದೊಳಗೆ ಬೇಕು ಅಜ್ಜ, ಮಂತ್ರಿಗಳು ಬರ್ತಾರೆ.

ಎಣಿಸುವುದು ಈ ಕಸುಬಿನ ಚಟ.
ಒಂಬತ್ತು ಅಕ್ಷರ, ಎರಡು ಒತ್ತು.
ಒತ್ತಿಗೆ ಕೂಲಿ ಬೇರೆ, ಉಳಿ ತಿರುಗಿಸಬೇಕು.
ಅದರ ಕೆಳಗೆ, ಸಣ್ಣಗೆ, ಹೆಸರು:
ತೋಲ.
ಎರಡೇ.

ವಿರಾಜಪೇಟೆಯ ಇದೇ ಓಣಿ. ಅಪ್ಪ
ಪೀಚೆಕತ್ತಿಯ ಒರೆಗೆ ಬೆಳ್ಳಿ ಕಟ್ಟುತ್ತಿದ್ದರು,
ನಾನು ಇದ್ದಿಲು ಊದುತ್ತಿದ್ದೆ, ಹದಿನಾರು ತುಂಬಿರಲಿಲ್ಲ.
ಐವತ್ತೇಳರ ಮಾರ್ಚ್, ಕಾಫಿ ಹೂವಿನ ವಾರ;
ಪೇಟೆಯ ಚರಂಡಿಯೂ ಘಮಘಮಿಸುವ ವಾರ.
ಬರಿಗಾಲ ಹುಡುಗನೊಬ್ಬ, ಗುಂಗುರು ಕೂದಲು,
ಮಗುವನ್ನು ತಂದಂತೆ ಕಂಬಳಿಯಲ್ಲಿ ಸುತ್ತಿ ತಂದ
ಬೆಳ್ಳಿಯ ಕಪ್ಪು.
ಜೊತೆಗೆ, ಗಡಿಯಾರ ಹಿಡಿದಿದ್ದ ಮೇಷ್ಟ್ರ ಕೈಬರಹ:
ಒಂದು ಮೈಲಿ. ತೋಲ, ಎರವರ ಹಾಡಿ, ತಿತಿಮತಿ.
೪ ನಿಮಿಷ ೨೯ ಸೆಕೆಂಡು.

ಕೈ ತುಂಬ ಕೆಲಸವಿದೆ, ಸೋಮವಾರ ಬಾ, ಅಂದರು ಅಪ್ಪ.
ಕಪ್ಪು ಇಲ್ಲಿಡಬೇಡ, ಅಂಗಡಿಗೆ ನೆಟ್ಟಗೆ ಬೀಗವಿಲ್ಲ.
ಚೀಟಿ ಇರಲಿ.

ಶನಿವಾರವೇ ಪೊಲೀಸರು ತೋಟದ ಲೈನಿಗೆ ಹೋದರು.
ಹೆಸರಿಲ್ಲದ ಬೆಳ್ಳಿ ಅಕ್ಕಿಯ ಮಡಕೆಯೊಳಗೆ ಸಿಕ್ಕಿತು.
ಎರಡನೆಯವನಾಗಿ ಬಂದವನು ಸಾಹುಕಾರರ ತಂಗಿಯ ಮಗ;
ಮೊದಲನೆಯವನೇ ಇರಲಿಲ್ಲ ಅಂದರು ಮೈದಾನದಲ್ಲಿದ್ದವರೆಲ್ಲ.
ಮೇಷ್ಟ್ರಿಗೆ ರಾತ್ರೋರಾತ್ರಿ ಮಂಗಳೂರಿಗೆ ವರ್ಗ.

ಕಪ್ಪು ನನ್ನದು, ಅಂದನಂತೆ ಕಟಕಟೆಯಲ್ಲಿ.
ಕಪ್ಪು ಎಂದರೆ ಆ ಕೋರ್ಟಿಗೆ ಒಂದೇ ಅರ್ಥ ಗೊತ್ತಿತ್ತು.
ತೀರ್ಪಿನಲ್ಲಿ ಬರೆದದ್ದು ಇಷ್ಟು: ಈ ಕುಲದವರಿಗೆ
ಬೆಳ್ಳಿ ದಕ್ಕುವ ದಾರಿ ಬೇರೆ ಇಲ್ಲ;
ಆರೋಪಿ ಬಲು ಜೋರಾಗಿ ಓಡುತ್ತಾನೆಂಬುದನ್ನು
ಅವನ ಕಡೆಯ ಸಾಕ್ಷಿಗಳೇ ಒಪ್ಪಿದ್ದಾರೆ.

ಮಡಿಕೇರಿ ಕೋಟೆಯ ಜೈಲು, ಹದಿನೆಂಟು ತಿಂಗಳು.

ಚೀಟಿ ನಮ್ಮ ಡ್ರಾಯರಿನಲ್ಲಿತ್ತು.
ಒಲೆಗೆ ಹಾಕು, ಅಂದರು ಅಪ್ಪ,
ತೋಟದವರ ಬೆಳ್ಳಿಯಿಂದ ನಮ್ಮ ಗಂಜಿ.
ಹಾಕಲಿಲ್ಲ. ಅಷ್ಟೇ ನನ್ನ ಧೈರ್ಯ.
ಕೋರ್ಟು ಇಲ್ಲಿಂದ ಇನ್ನೂರು ಹೆಜ್ಜೆ,
ಅದನ್ನೂ ಎಣಿಸಿದ್ದೇನೆ.

ಹೊರಗೆ ಬಂದ ಮೇಲೆ ಅವನು ಓಡಲಿಲ್ಲವಂತೆ.
ಮಳೆಗೂ ಓಡಲಿಲ್ಲ, ಬಸ್ಸಿಗೂ ಇಲ್ಲ,
ಮಗಳಿಗೆ ಹಾವು ಕಚ್ಚಿದಾಗ ಹೊತ್ತುಕೊಂಡು ನಡೆದ;
ಓಡಿದರೆ ಹಿಡೀತಾರೆ ಅಂದನಂತೆ.
ತೋಟಕ್ಕೆ ಆನೆ ನುಗ್ಗಿದ ಬೆಳಿಗ್ಗೆ ಎಲ್ಲರೂ ಓಡಿದರು.
ಅವನು ನಡೆದ.

ನಿನ್ನೆ ಅವಳೇ ಬಂದಳು, ಮುತ್ತೆ,
ಹಾವಿಗೂ ಬಗ್ಗದೆ ಬದುಕಿದ ಮಗಳು, ತಲೆ ಪೂರ್ತಿ ಬೆಳ್ಳಿ.
ಏಳು ವರ್ಷ ಅರ್ಜಿ ಬರೆಸಿದವಳು.
ಐದು ಅಕ್ಷರ ಕೆತ್ತಿ ಮುಗಿಸಿದ್ದೆ,
ಕ್ಷ ಶುರು ಮಾಡಬೇಕಿತ್ತು, ಕೈ ನಿಂತಿತ್ತು.
ಮಾಡದ ತಪ್ಪಿಗೆ ಇದೆಂಥ ಮಾಫಿ ಆಚಾರಿ, ಅಂದಳು,
ಕೊಡುವವರು ಯಾರು, ಬೇಡುವವರು ಯಾರು?

ಡ್ರಾಯರು ಎಳೆದೆ. ಅಂಚು ಜಿರಳೆ ತಿಂದಿತ್ತು, ಅಂಕಿ ಉಳಿದಿತ್ತು.
ಓದು, ಅಂದಳು. ಓದಿದೆ.
ಮತ್ತೆ ಓದು, ಅಂದಳು.
ಕಣ್ಣು ಮುಚ್ಚಿ ಕೇಳಿಸಿಕೊಂಡಳು, ತುಟಿ ಅಲುಗುತ್ತಿತ್ತು,
ಆ ಹೊತ್ತಿಗೆ ಸರಿಯಾಗಿ ಯಾರೋ ಒಳಗೆ ಓಡುತ್ತಿದ್ದಂತೆ.

ಇಷ್ಟು ದಿನ ಇದು ಇಲ್ಲೇ ಇತ್ತಾ?
ಹೂಂ, ಅಂದೆ.
ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

ತಗಡು ಮಗುಚಿ ಹಾಕಿದಳು.
ಈ ಬದಿಗೆ ಅಪ್ಪನ ಹೆಸರು, ದೊಡ್ಡದಾಗಿ.
ಕೆಳಗೆ ನಿಮಿಷ, ಸೆಕೆಂಡು.
ಅವರ ಕ್ಷಮೆ ಗೋಡೆ ನೋಡಿಕೊಂಡಿರಲಿ.

ರಾತ್ರಿಯೆಲ್ಲ ಕೂತು ಕೆತ್ತಿದೆ.
ಎಂಬತ್ತು ದಾಟಿದ ಕೈ; ಎರಡು ಕೊಂಚ ನಡುಗಿದೆ,
ಒಂಬತ್ತು ಚೆನ್ನಾಗಿ ಬಂದಿದೆ.

ಬೆಳಿಗ್ಗೆ ಬೆರಳಲ್ಲಿ ಸವರಿ ನೋಡಿ ಕೇಳಿದಳು,
ಅಂಕಿಗೂ ಅಕ್ಷರಕ್ಕೂ ಒಂದೇ ದರವಾ?
ಬೇಡ ತಾಯಿ, ಅಂದೆ.
ಸೆರಗಿನ ಗಂಟು ಬಿಚ್ಚಿ, ಒಂದೊಂದೇ ನಾಣ್ಯ ಎಣಿಸಿ
ಕಟ್ಟೆಯ ಮೇಲಿಟ್ಟು, ನಾನು ಮುಟ್ಟುವ ತನಕ
ಅಲ್ಲೇ ನಿಂತಳು.

ತಗೊಂಡೆ.